ಹೂವಿನವಳ ಮದುವೆಗೆ ಹಾಕಿದ ಆಕಾಶ

ಆ ಊರಿಗೆ ದಾರಿ ಯಾವುದು ಅಂತ ಕೇಳಬೇಡಿ, ನನಗೂ ನೆಟ್ಟಗೆ ಗೊತ್ತಿಲ್ಲ. ಊರಂತೂ ಇತ್ತು. ಊರಿನ ಮೇಲೆ ಎಲ್ಲ ಊರಿಗೂ ಇರುವ ಹಾಗೆ ಒಂದು ಆಕಾಶವೂ ಇತ್ತು. ಆದರೆ ಅದು ಬೆಳಿಗ್ಗೆಯೂ ಬಿಳಿ, ಮಧ್ಯಾಹ್ನವೂ ಬಿಳಿ, ಸಂಜೆಯೂ ಬಿಳಿ. ಅನ್ನ ಬಸಿದ ಗಂಜಿಯನ್ನು ಯಾರೋ ಮೇಲೆ ಚೆಲ್ಲಿ ಒರೆಸುವುದನ್ನು ಮರೆತ ಹಾಗೆ. ಮೇಲೆ ನೋಡಲು ಏನಿದೆ ಅಂತ ಆ ಊರಲ್ಲಿ ಯಾರೂ ಕತ್ತೆತ್ತುತ್ತಿರಲಿಲ್ಲ.

ಆ ಊರಿಗೆ ಒಂದು ಕಟ್ಟಳೆ. ಮದುವೆಯೆಂದರೆ ಧಾರೆ ಎರೆದರೆ ಸಾಲದು, ತಾಳಿ ಕಟ್ಟಿದರೆ ಸಾಲದು. ಗಂಡುಹೆಣ್ಣು ಛತ್ರದ ಅಂಗಳದಲ್ಲಿ ನಿಂತು ಫೋಟೋ ತೆಗೆಸಬೇಕು. ಫೋಟೋದಲ್ಲಿರುವ ಬಿಳಿ ಆಕಾಶವನ್ನು ತೆಗೆಸಿ ಬೇರೆ ಆಕಾಶ ಹಾಕಿಸಬೇಕು. ಅದು ಛತ್ರದ ದೊಡ್ಡ ಗೋಡೆಯ ಮೇಲೆ ಏರಬೇಕು. ದೀಪ ಹಚ್ಚುವ ಹೊತ್ತಿನೊಳಗೆ ಏರಿದರೆ ಮದುವೆ ಆಯಿತು, ಏರದಿದ್ದರೆ ಆಗಲಿಲ್ಲ. ಹೆಣ್ಣು ತನ್ನ ಮನೆಗೆ, ಗಂಡು ತನ್ನ ಮನೆಗೆ. ಅಲ್ಲಿಯವರೆಗೆ ನೆಂಟರಿಗೆ ಊಟವೂ ಇಲ್ಲ. "ಆಕಾಶ ಏರದೆ ಎಲೆ ಇಳಿಯದು" ಅನ್ನುವುದು ಅಲ್ಲಿನ ಮಕ್ಕಳ ಬಾಯಲ್ಲೂ ಇತ್ತು.

ಗೋಡೆಗೊಬ್ಬ ಯಜಮಾನ. ಮೊಳೆ ಹೊಡೆಯುವ ಸುತ್ತಿಗೆ ಅವನ ಕೈಯಲ್ಲೇ. ಫೋಟೋ ಬಂದಾಗ ಅವನು ಕೇಳುತ್ತಿದ್ದ: "ಆಕಾಶ ಬಂತೇ?"

"ಬಂತು."

"ಯಾವ ಊರಿನದು?"

"ಇಂಥ ಊರಿನದು."

"ಹಾಗಾದರೆ ಎಲೆ ಹಾಕಿ."

ಇಷ್ಟೇ. ಇದನ್ನು ಅವನ ಅಪ್ಪ ಕೇಳಿದ್ದ, ಅಜ್ಜ ಕೇಳಿದ್ದ.

ಉತ್ತರ ಹೇಳುತ್ತಿದ್ದವಳು ಆಕಾಶ ಹಾಕುವವಳು. ಛತ್ರದ ಎದುರಿಗೇ ಅವಳ ಸ್ಟುಡಿಯೋ. ಅವಳಿಗೆ ಈ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಈಗ ಹೊಸ್ತಿಲ ಪಕ್ಕ ಕೂತು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ, ಗಾಜು ಒರೆಸುತ್ತಿದ್ದ, ಮಾತು ಕಡಿಮೆ. ಅವಳ ಕಂಪ್ಯೂಟರಿನಲ್ಲಿ ಪರವೂರಿನ ಆಕಾಶಗಳು ತುಂಬಿದ್ದವು. ಯಾರಾದರೂ ಬೇರೆ ಊರಿಗೆ ಹೋದರೆ, ಉಳಿದ ಊರಿನವರು ತಿಂಡಿ ಕಟ್ಟಿಸಿಕೊಂಡು ಬರುವ ಹಾಗೆ, ಒಂದು ಆಕಾಶದ ಫೋಟೋ ತೆಗೆದುಕೊಂಡು ಬಂದು ಅವಳಿಗೆ ಕೊಡುತ್ತಿದ್ದರು. ಬೆಟ್ಟದ ಊರಿನ ನೀಲಿ, ಕಡಲ ಊರಿನ ಸಂಜೆ, ಮಳೆ ನಿಂತ ಮೇಲಿನ ತಿಳಿ. ಅವಳು ಮೌಸನ್ನು ಒಂದು ಸಲ ಬಿಳಿಯ ಮೇಲೆ ಇಟ್ಟು ಒತ್ತಿದರೆ ಸಾಕು, ಯಂತ್ರ ಬಿಳಿಯನ್ನೆಲ್ಲ ಒಟ್ಟು ಮಾಡಿಕೊಳ್ಳುತ್ತಿತ್ತು. ಇನ್ನೊಂದು ಸಲ ಒತ್ತಿದರೆ ಹೊಸ ಆಕಾಶವನ್ನು ತೆಳ್ಳನೆಯ ವಸ್ತ್ರದ ಹಾಗೆ ಅದರ ಮೇಲೆ ಹೊದೆಸುತ್ತಿತ್ತು. ಕೆಳಗಿನ ಗೆರೆಗಳು ಕೆಳಗೇ ಇರುತ್ತಿದ್ದವು, ಬಣ್ಣ ಮಾತ್ರ ಹೊಸದು.

ಯಂತ್ರ ಚುರುಕು, ಬುದ್ಧಿ ಮಾತ್ರ ಮಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಬೆಳ್ಳಗಿರುವುದೆಲ್ಲ ಅದಕ್ಕೆ ಆಕಾಶವೇ. ಮಲ್ಲಿಗೆ ಆಕಾಶ, ಪಂಚೆ ಆಕಾಶ, ನರೆ ಆಕಾಶ, ಹಲ್ಲು ಆಕಾಶ. ಅದಕ್ಕೇ ಅಪ್ಪ ಅವಳಿಗೆ ಮೊಟ್ಟಮೊದಲು ಕಲಿಸಿದ್ದು ಯಂತ್ರವನ್ನಲ್ಲ, ಮಾತನ್ನು. ಪ್ರತಿ ಗಂಡುಹೆಣ್ಣಿನ ಎದುರು ನಿಂತು ಅವಳು ಅದನ್ನೇ ಹೇಳುತ್ತಿದ್ದಳು: "ಮಲ್ಲಿಗೆ ತೆಗೀರಿ. ಬಿಳಿ ಪಂಚೆ ಬಿಚ್ಚಿ ಬಣ್ಣದ್ದು ಉಟ್ಕೊಳ್ಳಿ. ನರೆ ಇದ್ರೆ ಕಪ್ಪು ಹಚ್ಕೊಳ್ಳಿ. ಬಾಯಿ ಮುಚ್ಚಿ. ನೆಲ ನೋಡಿ." ನೆಲ ಯಾಕೆ ಅಂದರೆ, ಕಣ್ಣಲ್ಲೂ ಬಿಳಿ ಇದೆಯಲ್ಲ.

ಹೀಗಾಗಿ ಆ ಗೋಡೆಯ ತುಂಬ ಚೆಂದದ ಆಕಾಶಗಳ ಕೆಳಗೆ, ಕಷಾಯ ಕುಡಿದವರ ಹಾಗೆ ಬಾಯಿ ಬಿಗಿದುಕೊಂಡು, ಬಿದ್ದ ಕಾಸು ಹುಡುಕುವವರ ಹಾಗೆ ನೆಲ ನೋಡುತ್ತ ನಿಂತ ದಂಪತಿಗಳು. ಒಂದು ಫೋಟೋ ಬಿಟ್ಟು. ಅದರಲ್ಲಿ ಮದುಮಗಳು ತಲೆ ಎತ್ತಿ, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಳು. ಬಾಯಿ ತುಂಬ ಕೆಂಪು. ಜಡೆಯ ತುಂಬ ಕನಕಾಂಬರ. ಪಕ್ಕದಲ್ಲಿ ಮದುಮಗ ಕಾವಿ ಬಣ್ಣದ ಪಂಚೆ ಉಟ್ಟು, ತಲೆ ಬಾಗಿಸಿ ಅವಳನ್ನೇ ನೋಡುತ್ತಿದ್ದ. ಹಿಂದೆ ಕಡಲ ಊರಿನ ಸಂಜೆ. ಊರವರು ಅದನ್ನು ತೋರಿಸಿ ನಗುತ್ತಿದ್ದರು: "ಧಾರೆ ಹೊತ್ತಿಗೂ ಎಲೆಅಡಿಕೆ ಬಿಡಲಿಲ್ಲ ಮಹಾತಾಯಿ. ಗಂಡ ನೋಡಿದರೆ ಅವತ್ತೇ ಸನ್ಯಾಸಿ."

ಆ ಮಹಾತಾಯಿ ಆಕಾಶ ಹಾಕುವವಳ ತಾಯಿ. ಮಗಳಿಗೆ ಮಾತು ಬರುವ ಮೊದಲೇ ಹೋಗಿಬಿಟ್ಟಿದ್ದಳು. ಅಮ್ಮ ಅಂದರೆ ಮಗಳಿಗೆ ಆ ಕೆಂಪು ಬಾಯಿ, ಆ ಕನಕಾಂಬರ, ಅಷ್ಟೇ. ಊರವರು ನಕ್ಕಾಗ ಅವಳು ಅಲ್ಲಿಂದ ಎದ್ದು ಹೋಗುತ್ತಿದ್ದಳು, ಆದರೂ ಆ ಫೋಟೋ ಎಂದರೆ ಪ್ರಾಣ. ಅಪ್ಪ ಮಾತ್ರ ಅದನ್ನು ನೋಡುತ್ತಿರಲಿಲ್ಲ. ಛತ್ರದಲ್ಲಿ ಊಟಕ್ಕೆ ಕೂತರೆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ದುಃಖ ಇರಬೇಕು ಅಂದುಕೊಂಡು ಅವಳೂ ಕೇಳಿರಲಿಲ್ಲ.

ಹೀಗಿರುವಾಗ ಹೂವಿನವಳ ಮದುವೆ ಗೊತ್ತಾಯಿತು.

ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತಾರೆ. ಈ ಅಜ್ಜಿಗೆ ಗಂಡು ಸಿಕ್ಕಿದ್ದ. ಛತ್ರದ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಊರಿಗೆಲ್ಲ ಮಲ್ಲಿಗೆ ಮಾರುತ್ತಿದ್ದವಳು ಅವಳು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ. ಅಂದಿನಿಂದ ತಾನು ಒಂದೆಸಳು ಮುಡಿದವಳಲ್ಲ. ಆದರೆ ತಾಯಿಯಿಲ್ಲದ ಒಂದು ಹುಡುಗಿ ದಿನಾ ಶಾಲೆಗೆ ಹೋಗುವಾಗ ಹಿಡಿದು ನಿಲ್ಲಿಸಿ ಒಂದು ಗೇಣು ಹೂ ಮುಡಿಸಿ ಕಳಿಸುತ್ತಿದ್ದಳು. ಆ ಹುಡುಗಿಯೇ ಬೆಳೆದು ಆಕಾಶ ಹಾಕುವವಳಾದದ್ದು. ಹೂವಿನವಳ ಪಕ್ಕದಲ್ಲೇ ಇಸ್ತ್ರಿಯವನ ಮೇಜು. ಅವಳು ಹೂವಿಗೆ ನೀರು ಚಿಮುಕಿಸುತ್ತಿದ್ದಳು, ಅವನು ಬಟ್ಟೆಗೆ ನೀರು ಚಿಮುಕಿಸುತ್ತಿದ್ದ, ಇಬ್ಬರದೂ ಒಂದೇ ಚೊಂಬು. ಹಾಗೇ ನಡೆದು ಬಂದಿತ್ತು. ಒಂದು ದಿನ ಅವನು ಚೊಂಬನ್ನು ಅವಳ ಕಡೆ ಸರಿಸುತ್ತ, "ಮನೆಗೂ ಒಂದೇ ಚೊಂಬು ಸಾಕಲ್ಲವಾ?" ಅಂದನಂತೆ. ಅವಳು ಯೋಚನೆ ಮಾಡಿ, "ಸಾಕು" ಅಂದಳಂತೆ.

ಮದುವೆಯ ದಿನ ಇಬ್ಬರೂ ಅಂಗಳದಲ್ಲಿ ಬಂದು ನಿಂತರು. ಆಕಾಶ ಹಾಕುವವಳು ಕ್ಯಾಮೆರಾ ಹಿಡಿದವಳು ಹಾಗೇ ನಿಂತುಬಿಟ್ಟಳು. ಹೂವಿನವಳ ತಲೆ ಪೂರಾ ಬೆಳ್ಳಗೆ, ಅದರ ಮೇಲೆ ಒಂದು ಬುಟ್ಟಿ ಆಗುವಷ್ಟು ಮಲ್ಲಿಗೆ, ಮೈಮೇಲೆ ಬಿಳಿ ಸೀರೆ. ಇಸ್ತ್ರಿಯವನ ತಲೆಯೂ ಬಿಳಿ, ಮೀಸೆಯೂ ಬಿಳಿ, ಗಂಜಿ ಹಾಕಿ ತೀಡಿದ ಪಂಚೆ ನೆಲಕ್ಕೆ ತಾಗದೆ ತಾನೇ ನಿಂತಿತ್ತು.

ಅವಳು ತನ್ನ ಮಾತು ಹೇಳಲೇಬೇಕಲ್ಲ. "ಹೂವಿನಮ್ಮ, ಮಲ್ಲಿಗೆ ತೆಗೀಬೇಕು. ತಾತ, ಬಣ್ಣದ ಪಂಚೆ..."

"ತೆಗಿಯಲ್ಲ ಕಣವ್ವ," ಅಂದಳು ಹೂವಿನವಳು. ಕೋಪವಿಲ್ಲ, ಮೊಳದ ಬೆಲೆ ಹೇಳಿದ ಹಾಗೆ ಹೇಳಿದಳು. "ಇಷ್ಟು ಕಾಲ ಊರ ತಲೆಗೆಲ್ಲ ಮುಡಿಸ್ದೆ. ಇವತ್ತು ನನ್ನ ತಲೆಗೆ ಬಂದದೆ. ಇವತ್ತೂ ತೆಗಿ ಅಂದ್ರೆ ಯಾವತ್ತು ಮುಡೀಲಿ ನಾನು?"

"ನಾನೂ ಅಷ್ಟೇ," ಅಂದ ಇಸ್ತ್ರಿಯವನು. "ಜೀವಮಾನ ಎಲ್ಲ ಬೇರೆಯೋರ ಪಂಚೆಗೆ ಗಂಜಿ ಹಾಕ್ದೆ. ಇದೊಂದು ನಂದು. ಕೂರೋಕೂ ಭಯ ಆಯ್ತದೆ, ಮಡಿಕೆ ಮುರಿದೋಗ್ತದೆ ಅಂತ."

ಅದಕ್ಕೆ ಹೂವಿನವಳು ನಕ್ಕಳು. ಅವಳು ನಕ್ಕಿದ್ದು ನೋಡಿ ಅವನೂ ನಕ್ಕ. ಇದ್ದಷ್ಟು ಹಲ್ಲೂ ಕಂಡವು. ಬಾಯಿ ಮುಚ್ಚಿ ಅನ್ನಬೇಕಾದವಳು ಅನ್ನಲಿಲ್ಲ, ಅವಳ ಬೆರಳು ಗುಂಡಿ ಒತ್ತಿಬಿಟ್ಟಿತು.

ಸ್ಟುಡಿಯೋಗೆ ಬಂದು ಬೆಟ್ಟದ ಊರಿನ ನೀಲಿಯನ್ನು ಹಾಕಿ ನೋಡಿದಳು. ಶಿವನೇ, ಗೆರೆಗಳಿವೆ, ಮದುಮಕ್ಕಳೇ ಇಲ್ಲ. ನೀಲಿ ಆಕಾಶದಲ್ಲಿ ಎರಡು ಮುಖ, ನಾಲ್ಕು ಕೈ, ಒಂದು ಕನ್ನಡಕ ತೇಲುತ್ತಿದ್ದವು. ಇಸ್ತ್ರಿಯವನ ಪಂಚೆಯ ಮೇಲೆ ಒಂದು ಹಕ್ಕಿ ಹಾರುತ್ತಿತ್ತು. ಹೂವಿನವಳ ಹಲ್ಲಿದ್ದ ಜಾಗದಲ್ಲಿ ಪುಟ್ಟದೊಂದು ಮೋಡ. ಅವಳು ಅದನ್ನು ಅಳಿಸಿ, ಕೈಯಿಂದಲೇ ಗೆರೆ ಎಳೆದು ಬಿಡಿಸಲು ಕೂತಳು. ಎಳೆಯಲು ಬಂದರೆ ತಾನೇ? ಬಿಳಿ ಕೂದಲು ಎಲ್ಲಿ ಮುಗಿಯಿತು, ಬಿಳಿ ಆಕಾಶ ಎಲ್ಲಿ ಶುರುವಾಯಿತು, ಅವಳಿಗೇ ತಿಳಿಯಲಿಲ್ಲ. ಇಷ್ಟು ದಿನ ಯಂತ್ರವನ್ನು ಪೆದ್ದು ಅಂದಿದ್ದಳು. ಈಗ ತಾನೂ ಅದರ ಪಕ್ಕದಲ್ಲಿ ಪೆದ್ದಾಗಿ ಕೂತಳು.

ಹೊತ್ತು ಇಳಿಯಿತು. ಛತ್ರದಲ್ಲಿ ನೆಂಟರ ಹೊಟ್ಟೆ ತಾಳ ಹಾಕತೊಡಗಿತು. ಅಡುಗೆಯವನು ಸಾರು ಮತ್ತೆ ಮತ್ತೆ ಕುದಿಸಿ, ಅದು ಸಾರೂ ಅಲ್ಲ ಗೊಜ್ಜೂ ಅಲ್ಲ ಅನ್ನುವ ಹಾಗಾಗಿತ್ತು. ಗೋಡೆಯ ಯಜಮಾನ ಸುತ್ತಿಗೆ ಹಿಡಿದುಕೊಂಡೇ ಸ್ಟುಡಿಯೋಗೆ ಬಂದ.

"ಏನಮ್ಮಾ, ಇನ್ನೂ ಏರಲಿಲ್ಲವಲ್ಲ?"

"ಆಗ್ತಾ ಇಲ್ಲ ಯಜಮಾನರೇ. ಅವರದೆಲ್ಲ ಬಿಳಿ."

"ಬಿಳಿಯಾದರೆ ಕಪ್ಪು ಹಚ್ಚಿ, ಹೂ ಕೀಳಿಸಿ, ಇನ್ನೊಂದು ಫೋಟೋ ಹೊಡಿ. ಕಟ್ಟಳೆ ಅಂದರೆ ಕಟ್ಟಳೆ. ದೀಪ ಹಚ್ಚುವ ಹೊತ್ತಿಗೆ ಏರದಿದ್ದರೆ ಅವಳು ಹೂ ತೆಗೆದಿಟ್ಟು ಬುಟ್ಟಿ ಹಿಡಕೊಂಡು ಮನೆಗೆ ಹೋಗಲಿ. ನಾನೇನು ಮಾಡಲಿ?" ಅಂದ. ಅವನು ಕೆಟ್ಟವನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ, ಅದರ ಮೇಲೆ ಹಸಿದಿದ್ದ.

ಅವನು ಹೋದ ಮೇಲೆ ಹೂವಿನವಳೇ ಬಂದಳು. ಪರದೆಯ ಮೇಲೆ ಇನ್ನೊಂದು ಸಲ ಹಾಕಿ ನೋಡಿದ ಆಕಾಶವಿತ್ತು, ಕಡಲ ಊರಿನ ಸಂಜೆ. ಅದರಲ್ಲಿ ಹೂವಿನವಳ ಬಾಯಿ ಎಲೆಅಡಿಕೆ ಮೆದ್ದ ಹಾಗೆ ಕೆಂಪಗಾಗಿತ್ತು. ತಲೆಯ ಮೇಲಿನ ಮಲ್ಲಿಗೆಯೆಲ್ಲ ಕನಕಾಂಬರವಾಗಿತ್ತು. ಇಸ್ತ್ರಿಯವನು ಕಾವಿ ಪಂಚೆ ಉಟ್ಟಿದ್ದ.

ಹೂವಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಿಮ್ಮಮ್ಮಂಗೂ ಹಿಂಗೇ ಅಲ್ವಾ ಆಗಿದ್ದು," ಅಂದಳು.

"ನಮ್ಮಮ್ಮಂಗೆ ಏನಾಗಿತ್ತು?"

"ಅಯ್ಯೋ ಮಗಳೇ, ಅವತ್ತು ಮುಡಿಸಿದೋಳು ನಾನೇ ಅಲ್ವಾ. ನಾನು ಮುಡಿಸಿದ್ದು ಮಲ್ಲಿಗೆ. ಗೋಡೆ ಮೇಲೆ ನೋಡಿದ್ರೆ ಕನಕಾಂಬರ. ನಿಮ್ಮಮ್ಮ ಎಲೆಅಡಿಕೆ ಮುಟ್ಟಿದೋಳೇ ಅಲ್ಲ. ಹಲ್ಲು ಹೆಂಗಿದ್ವು ಅಂತೀಯ, ದುಂಡುಮಲ್ಲಿಗೆ ಮೊಗ್ಗು."

ಆಕಾಶ ಹಾಕುವವಳು ಹೊಸ್ತಿಲ ಕಡೆ ತಿರುಗಿದಳು. ಅಪ್ಪ ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಹೌದು," ಅಂದ ಅಪ್ಪ. "ಕುಂಚ ಹೋಗಿ ಯಂತ್ರ ಬಂದ ಹೊಸತು, ನಾನೂ ಹೊಸಬ. ನನ್ನ ಮದುವೆಗೆ ನಾನೇ ಆಕಾಶ ಹಾಕಬೇಕಿತ್ತು. ಎಲೆ ಹಾಕೋ ಆತುರ ಎಲ್ಲರಿಗೂ. ನೋಡೋಷ್ಟರಲ್ಲಿ ಏರಿಸಿಬಿಟ್ರು. ಏರಿದ ಮೇಲೆ ಇಳಿಸೋದು ಆಗೋದಿಲ್ಲ ಅಂದ್ರು. ನಿಮ್ಮಮ್ಮ ಅದಕ್ಕೂ ನಕ್ಕಳು. ಆಮೇಲೆ ಅವಳೇ ಇಲ್ಲ. ನಿನಗೆ ಏನಂತ ಹೇಳಲಿ ಮಗಳೇ, ನಿಮ್ಮಮ್ಮನ ನಗು ಕೆಡಿಸಿದೋನು ನಾನೇ ಅಂತ ಹೇಳಲಾ?"

ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ಎರಡನ್ನೂ ತಡೆಯಲಾರದೆ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದಳು. ಅಲ್ಲಿ ಒಬ್ಬಳೇ ನಿಂತು ಅತ್ತಳು. ಅಮ್ಮನಿಗಾಗಿ ಅತ್ತಳು, ಬಾಯಿ ಮುಚ್ಚಿ ಅಂತ ತಾನು ನಗು ನುಂಗಿಸಿದ ಅಷ್ಟೂ ಮದುಮಕ್ಕಳಿಗಾಗಿ ಅತ್ತಳು.

ಇಸ್ತ್ರಿಯವನು ಗಂಜಿ ಹಾಕಿದ ಪಂಚೆಗಳನ್ನು ಒಣಗಿಸುತ್ತಿದ್ದುದು ಆ ಮಾಳಿಗೆಯ ಮೇಲೆಯೇ. ಅವತ್ತೂ ಹಗ್ಗದ ತುಂಬ ಪಂಚೆ. ಅವಳು ಕಣ್ಣೊರೆಸಿಕೊಂಡು ನೋಡಿದಳು. ಬಿಳಿ ಆಕಾಶದ ಮುಂದೆ ಬಿಳಿ ಪಂಚೆಗಳು. ಬಿಳಿಯ ಮೇಲೆ ಬಿಳಿ, ಆದರೂ ಪ್ರತಿ ಪಂಚೆಯೂ ಬೇರೆಬೇರೆಯಾಗಿ ಕಾಣುತ್ತಿತ್ತು. ಅಂಚು ಕಾಣುತ್ತಿತ್ತು, ಮಡಿಕೆ ಕಾಣುತ್ತಿತ್ತು, ಗಾಳಿಗೆ ಉಬ್ಬಿದ್ದು ಕಾಣುತ್ತಿತ್ತು. ಆಮೇಲೆ ಅವಳು ಆ ಊರಿನಲ್ಲಿ ಯಾರೂ ಮಾಡದ ಕೆಲಸ ಮಾಡಿದಳು, ಕತ್ತೆತ್ತಿ ಆಕಾಶವನ್ನು ನೋಡಿದಳು. ಅದು ಬರಿ ಬಿಳಿಯಾಗಿರಲಿಲ್ಲ. ಒಂದು ಕಡೆ ಹಾಲಿನ ಕೆನೆ, ಒಂದು ಕಡೆ ಸುಣ್ಣದ ತಿಳಿ, ಒಂದು ಕಡೆ ಹಳೆಯ ಮಲ್ಲಿಗೆ. ಇಷ್ಟು ದಿನ ತಾನು ಕಿತ್ತು ಎಸೆದದ್ದು ಇದನ್ನೇ.

ಅವಳು ಕೆಳಗಿಳಿದು ಕ್ಯಾಮೆರಾ ತಂದು, ನೆಟ್ಟಗೆ ಮೇಲಕ್ಕೆ ಹಿಡಿದು, ಒಂದು ಫೋಟೋ ತೆಗೆದಳು.

ಮತ್ತೆ ಮೌಸ್ ಹಿಡಿದಳು. ಬಿಳಿಯ ಮೇಲೆ ಇಟ್ಟು ಒತ್ತಿದಳು. ಯಂತ್ರ ಎಂದಿನ ಹಾಗೆ ಎಲ್ಲ ಬಿಳಿಯನ್ನೂ ಒಟ್ಟು ಮಾಡಿಕೊಂಡಿತು. ಮಲ್ಲಿಗೆ, ಪಂಚೆ, ನರೆ, ಮೀಸೆ, ಹಲ್ಲು, ಏನನ್ನೂ ಬಿಡಲಿಲ್ಲ. ತಗೋ, ಎಲ್ಲಾ ತಗೋ ಅಂದಳು ಅವಳು. ಇನ್ನೊಂದು ಸಲ ಒತ್ತಿದಳು. ಹೊಸ ಆಕಾಶ ತೆಳ್ಳಗೆ ಎಲ್ಲದರ ಮೇಲೂ ಬಂದು ಹೊದ್ದುಕೊಂಡಿತು. ಮಲ್ಲಿಗೆ ಮಲ್ಲಿಗೆಯಾಗಿಯೇ ಇತ್ತು. ಪಂಚೆಯ ಮಡಿಕೆ ಮುರಿದಿರಲಿಲ್ಲ. ಹೂವಿನವಳು ನಗುತ್ತಿದ್ದಳು.

ಛತ್ರದಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಅವಳು ಫೋಟೋ ಹಿಡಿದುಕೊಂಡು ಗೋಡೆಯ ಮುಂದೆ ನಿಂತಳು. ಇಸ್ತ್ರಿಯವನು ಒಂದು ಕಡೆ, ಹೂವಿನವಳು ಒಂದು ಕಡೆ, ನಡುವೆ ಹಸಿದ ಊರು.

ಯಜಮಾನ ಫೋಟೋ ನೋಡಿದ. ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. "ಆಕಾಶ ಬಂತೇ?" ಅಂತ ಕೇಳಿದ. ಅವನ ದನಿಯಲ್ಲಿ ಅನುಮಾನವಿತ್ತು.

"ಬಂತು."

"ಹಳೇದೇ ಇದ್ದ ಹಾಗಿದೆಯಲ್ಲಮ್ಮ."

"ಹಳೇದು ತೆಗೆದಿದ್ದೀನಿ ಯಜಮಾನರೇ. ಇದು ಈಗ ಹಾಕಿದ್ದು. ಇನ್ನೂ ಬಿಸಿಯಾಗಿದೆ, ಮುಟ್ಟಿ ನೋಡಿ." ಆಗ ತಾನೇ ಪ್ರಿಂಟ್ ಆದ ಫೋಟೋ ನಿಜವಾಗಿ ಬಿಸಿಯಾಗಿತ್ತು.

"ಯಾವ ಊರಿನದು?"

"ನಮ್ಮೂರಿನದು."

ಆ ಗೋಡೆಯ ಮುಂದೆ ಆ ಉತ್ತರವನ್ನು ಯಾರೂ ಕೇಳಿರಲಿಲ್ಲ. ಯಜಮಾನ ತನ್ನ ಅಪ್ಪನ ಮಾತು ನೆನಪಿಸಿಕೊಂಡ, ಅಜ್ಜನ ಮಾತು ನೆನಪಿಸಿಕೊಂಡ. ಆಕಾಶ ಹಾಕಬೇಕು ಅಂದಿದ್ದರು. ಪರವೂರಿನದೇ ಆಗಬೇಕು ಅಂತ ಅಂದಿದ್ದರೇ? ಅಂದ ನೆನಪಿಲ್ಲ. ಅವನು ಬಾಗಿಲ ತನಕ ನಡೆದು, ಹೊರಗೆ ಕತ್ತು ಹಾಕಿ, ಮೇಲೆ ನೋಡಿದ. ಬಹಳ ಹೊತ್ತು ನೋಡಿದ. ಹಿಂದೆ ನೆಂಟರೆಲ್ಲ ಬಂದು ಕತ್ತೆತ್ತಿ ನಿಂತರು.

"ಅದೇನಾ?" ಅಂದ ಯಜಮಾನ.

"ಅದೇ."

"ಪರವಾಗಿಲ್ಲವಲ್ಲ," ಅಂದ ಅವನು. ಹಿಂದಿನಿಂದ ಅಡುಗೆಯವನು, "ಅದು ಎಲ್ಲಿಗೂ ಓಡೋಗಲ್ಲ ಸ್ವಾಮಿ, ಸಾರು ತಳ ಹಿಡೀತಾ ಇದೆ," ಅಂತ ಕೂಗಿದ. ಯಜಮಾನ ಮೊಳೆ ಹೊಡೆದು ಫೋಟೋ ಏರಿಸಿ, "ಹಾಗಾದರೆ ಎಲೆ ಹಾಕಿ" ಅಂದ. ಹೂವಿನವಳು ತಲೆಯ ಮೇಲಿನ ಹೂವನ್ನು ಒಂದು ಸಲ ಮುಟ್ಟಿ ನೋಡಿಕೊಂಡಳು. ಇಸ್ತ್ರಿಯವನು ಕೊನೆಗೂ ಧೈರ್ಯ ಮಾಡಿ ಕೂತ.

ಆಕಾಶ ಹಾಕುವವಳು ಮೊದಲ ಪಂಕ್ತಿಗೆ ಕೂರಲಿಲ್ಲ. "ಯಜಮಾನರೇ, ಆಕಾಶ ಹಾಕದೆ ಏರಿಸಬಾರದು ಅಂತ ಕಟ್ಟಳೆ ಇದೆ. ಏರಿದ್ದಕ್ಕೆ ಇನ್ನೊಂದು ಆಕಾಶ ಹಾಕಬಾರದು ಅಂತ ಇದೆಯಾ?" ಅಂತ ಕೇಳಿದಳು. ಯಜಮಾನನ ಬಾಯಿ ತುಂಬ ಹೋಳಿಗೆ. ಇಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ಅವಳು ಅಮ್ಮನ ಫೋಟೋವನ್ನು ಗೋಡೆಯಿಂದ ಇಳಿಸಿಕೊಂಡು ಸ್ಟುಡಿಯೋಗೆ ಓಡಿದಳು.

ಅದನ್ನು ಯಂತ್ರದೊಳಗೆ ಇಳಿಸಿ, ಕಡಲ ಊರಿನ ಸಂಜೆಯ ಮೇಲೆ ಮೌಸ್ ಇಟ್ಟು ಒತ್ತಿದಳು. ಯಂತ್ರದ ಬುದ್ಧಿ ಗೊತ್ತೇ ಇದೆಯಲ್ಲ. ಸಂಜೆಬಣ್ಣದ್ದೆಲ್ಲ ಅದಕ್ಕೆ ಆಕಾಶವೇ. ಅಮ್ಮನ ಹಿಂದಿನ ಆಕಾಶವನ್ನು ಹಿಡಿಯಿತು, ಜಡೆಯ ಕನಕಾಂಬರವನ್ನು ಹಿಡಿಯಿತು, ಅಪ್ಪನ ಕಾವಿ ಪಂಚೆಯನ್ನು ಹಿಡಿಯಿತು, ಅಮ್ಮನ ಬಾಯೊಳಗೂ ನುಗ್ಗಿ ಅಲ್ಲಿದ್ದದ್ದನ್ನೂ ಹಿಡಿಯಿತು. ಹಣೆಯ ಕುಂಕುಮದ ಗಾಢ ಕೆಂಪನ್ನು ಮಾತ್ರ ಬಿಟ್ಟಿತು. ಇನ್ನೊಂದು ಸಲ ಒತ್ತಿ, ತಮ್ಮೂರಿನ ಆಕಾಶವನ್ನು ಹೊದೆಸಿದಳು.

ಅಮ್ಮ ನಗುತ್ತಿದ್ದಳು.

ಎರಡನೇ ಪಂಕ್ತಿಯ ಹೊತ್ತಿಗೆ ಫೋಟೋ ಮತ್ತೆ ಗೋಡೆ ಏರಿತ್ತು. ಅಪ್ಪ ಊಟಕ್ಕೆ ಬಂದ. ಅಭ್ಯಾಸದಂತೆ ಗೋಡೆಗೆ ಬೆನ್ನು ಹಾಕಿ ಕೂತ. ಮಗಳು ಅವನ ರಟ್ಟೆ ಹಿಡಿದು ಎಬ್ಬಿಸಿ, ಎದುರು ಸಾಲಿಗೆ ಕರೆದುಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ಕೂರಿಸಿದಳು, ತಾನೂ ಪಕ್ಕದಲ್ಲಿ ಕೂತಳು. ಬಡಿಸುವವನು ಬಂದು ಅನ್ನ ಹಾಕಲಾ ಅಂದ. ಅಪ್ಪ ಗೋಡೆಯನ್ನೇ ನೋಡುತ್ತಿದ್ದ. ಬಡಿಸುವವನು ಅನ್ನ ಹಾಕಿ ಮುಂದೆ ಹೋದ. ಸಾರಿನವನೂ ಬಂದು ಹೋದ.

"ಎಡಗಡೆ ಒಂದು ಹಲ್ಲು ಸೊಟ್ಟ ಇತ್ತು ಅವಳದು," ಅಂದ ಅಪ್ಪ. "ನಗೋವಾಗ ಮಾತ್ರ ಕಾಣೋದು. ನಾನು ಮರೆತೇಬಿಟ್ಟಿದ್ದೆ. ಬಂದಿದೆ ನೋಡು, ಅದೂ ಬಂದಿದೆ."